ಹೆಸರು ಆಮೇಲೆ ಹೇಳು, ಪುಟ್ಟಿ

ಪುಟ್ಟಿ,

ದಸರೆ ಮುಗಿದ ಮೇಲೆ ಬರುವ ಎರಡನೇ ಭಾನುವಾರ ನಿಮ್ಮ ಬಡಾವಣೆಯ ಇಪ್ಪತ್ತೆರಡು ಜನರನ್ನು ಕಟ್ಟಿಕೊಂಡು ಕುಕ್ಕರಹಳ್ಳಿ ಕೆರೆಗೆ ಹಕ್ಕಿ ನೋಡಲು ಹೊರಟಿದ್ದೀಯಂತೆ. ನಿನ್ನಪ್ಪ ಫೋನ್ ಮಾಡಿ ಹೇಳಿದ. ದನಿಯಲ್ಲಿ ಹೆಮ್ಮೆಯೂ ಇತ್ತು, "ಇವಳಿಗೇನು ಗೊತ್ತು ಅಂತ ಇಷ್ಟು ಜನರನ್ನು ಕರೆದಿದ್ದಾಳೆ, ನೀನಾದರೂ ನಾಲ್ಕು ಮಾತು ಹೇಳು" ಎಂಬ ಗಾಬರಿಯೂ ಇತ್ತು. ಹಕ್ಕಿಗಳ ಬಗ್ಗೆ ನಿನಗೆ ಹೇಳಿಕೊಡುವುದು ಅಷ್ಟೇನಿಲ್ಲ. ಅದನ್ನು ನೀನೇ ಪುಸ್ತಕ ನೋಡಿ, ಮೊಬೈಲ್ ನೋಡಿ ನನಗಿಂತ ಬೇಗ ಕಲಿತಿದ್ದೀಯ. ಇಪ್ಪತ್ತೆರಡು ಜನರನ್ನು ಕೆರೆ ದಂಡೆಯಲ್ಲಿ ನಡೆಸುವುದು ಮಾತ್ರ ಬೇರೆಯೇ ವಿದ್ಯೆ. ಅದರಲ್ಲಿ ನಾನು ಎಡವಿದ್ದು ಬಹಳ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾಲದ ಮಾತು. ನೀನು ಆರಿಸಿಕೊಂಡಿರುವ ಹೊತ್ತು ಚೆನ್ನಾಗಿದೆ, ಆದರೆ ಸಲೀಸಾದದ್ದಲ್ಲ. ಹಸ್ತೆ ಮುಗಿದು ಚಿತ್ತೆ ಮಳೆ ನಡೆಯುವ ದಿನಗಳು. ಕೆರೆಗಳು ತುಂಬಿರುತ್ತವೆ. ನೋಡಲು ಕಣ್ಣಿಗೆ ಹಬ್ಬ, ಆದರೆ ತುಂಬಿದ ಕೆರೆಯಲ್ಲಿ ಅಂಚಿನ ಕೆಸರು ಮುಳುಗಿರುತ್ತದೆ. ಕೆಸರಿಗೆ ಕೊಕ್ಕು ಚುಚ್ಚಿ ಹುಳು ಹೆಕ್ಕುವ ಗೊರವಗಳಿಗೆ ಅಲ್ಲಿ ಕಾಲೂರಲು ಜಾಗವಿಲ್ಲ. ನೀರು ಹಿಂದೆ ಸರಿದು ದಂಡೆ ಬಯಲಾಗುವ ಪುಷ್ಯ ಮಾಘದ ಹೊತ್ತಿಗೆ ಅವುಗಳ ಸಂತೆ ನೆರೆಯುತ್ತದೆ. "ಕೆರೆ ಇಷ್ಟು ತುಂಬಿದೆ, ಹಕ್ಕಿ ಯಾಕೆ ಕಡಿಮೆ?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆಗ ತಡವರಿಸಬೇಡ, ಇದೇ ಉತ್ತರ ಕೊಡು. ಇದರ ತಿರುವುಮುರುವು ಪ್ರಶ್ನೆಯೂ ಒಂದಿದೆ. ಕೊಳಚೆ ಸೇರುವ ಕೆರೆಯಲ್ಲಿ ಕೆಲವು ಸಲ ಹಕ್ಕಿ ಗಿಜಿಗುಡುತ್ತಿರುತ್ತದೆ. ಹಕ್ಕಿ ಇದ್ದ ಮಾತ್ರಕ್ಕೆ ನೀರು ಶುದ್ಧ ಎಂದು ಸರ್ಟಿಫಿಕೇಟು ಕೊಟ್ಟುಬಿಡಬೇಡ.

"ಹೆಬ್ಬಾತು ಬಂದಿದೆಯಾ?" ಎಂದು ಇನ್ನೊಬ್ಬರು ಕೇಳುತ್ತಾರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತಿನ ಸುದ್ದಿ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದಲ್ಲ, ಎಲ್ಲರ ಮನಸ್ಸೂ ಅಲ್ಲೇ. ಅವು ಬರುವುದು ನವೆಂಬರ್ ಹಿಡಿದ ಮೇಲೆ. ಬಂದರೂ ಇಳಿಯುವುದು ಸುತ್ತ ಹೊಲಗದ್ದೆ ಇರುವ ಬಯಲುಕೆರೆಗಳಿಗೆ: ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಇಲ್ಲೇ ನಂಜನಗೂಡು ಕಡೆಯ ಹದಿನಾರು ಕೆರೆಗೆ. ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಾಣಿಸಿವೆ. ಈ ಕತೆಯನ್ನೆಲ್ಲ ಹೇಳು, ಖುಷಿಪಡುತ್ತಾರೆ. ಆದರೆ ಅದನ್ನು ತೋರಿಸುತ್ತೇನೆಂಬ ಆಸೆ ಮಾತ್ರ ಹುಟ್ಟಿಸಬೇಡ. ವಾಟ್ಸಾಪ್‌ನಲ್ಲಿ ಕರೆಯೋಲೆ ಕಳಿಸುವಾಗಲೇ ಏನು ಕಾಣಬಹುದು, ಏನು ಕಾಣುವುದಿಲ್ಲ ಎಂದು ಬರೆದುಬಿಡು.

ಹಾಗಾದರೆ ಈ ದಿನಗಳಲ್ಲಿ ಬಂದಿರುವವರು ಯಾರು? ಸದ್ದಿಲ್ಲದ ಸಣ್ಣ ನೆಂಟರು. ಆಗಸ್ಟ್‌ನಿಂದಲೇ ಗದ್ದೆಗೊರವಗಳು ಒಂದೊಂದಾಗಿ ಬರತೊಡಗಿರುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಬೂದು ಸಿಪಿಲೆ ಬಂದು ದಂಡೆಯ ಕಲ್ಲಿನ ಮೇಲೆ ಬಾಲ ಕುಣಿಸುತ್ತಿರುತ್ತದೆ. ತಂತಿಯ ಮೇಲೆ ಸಾಲುಗಟ್ಟಿದ ಅಂಬರಗುಬ್ಬಿಗಳಿರುತ್ತವೆ. ಪೊದೆಯೊಳಗಿಂದ ಯಾರೋ ನಾಲಿಗೆ ಲೊಚಗುಟ್ಟಿದ ಹಾಗೆ "ಚಕ್, ಚಕ್" ಕೇಳಿದರೆ ಅದು ಬ್ಲೈತನ ಜೊಂಡು ಉಲಿಯಕ್ಕಿ. ಕಂದು ಬಣ್ಣದ ಸಾದಾ ಹಕ್ಕಿ, ಹೊರಗೆ ಬರುವುದೇ ಅಪರೂಪ. ಸಾವಿರಾರು ಮೈಲಿ ಹಾರಿಬಂದ ಆ ಹಿಡಿಗಾತ್ರದ ಜೀವವನ್ನು ಕಿವಿಯಲ್ಲೇ ತೋರಿಸಬೇಕು. ಎರಡು ನಿಮಿಷ ಎಲ್ಲರನ್ನೂ ಕಣ್ಣು ಮುಚ್ಚಿ ನಿಲ್ಲಿಸು. ಮೊದಲು ನಗುತ್ತಾರೆ, ಆಮೇಲೆ ಕೇಳಿಸಿಕೊಳ್ಳುತ್ತಾರೆ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ಮಾನ ಹೋದ ಕತೆಯೊಂದನ್ನು ಹೇಳಬೇಕು.

ಬ್ಯಾಂಕಿನಿಂದ ನಿವೃತ್ತನಾದ ಮಾರನೇ ವರ್ಷ. ಇಂಥದೇ ಅಕ್ಟೋಬರ್‌ನಲ್ಲಿ ಹದಿನೈದು ಜನರನ್ನು ಲಿಂಗಾಂಬುಧಿ ಕೆರೆಗೆ ಕರೆದೊಯ್ದಿದ್ದೆ. ನೀರಿನ ನಡುವೆ ನಾಲ್ಕಾರು ಕಂದು ಬಾತುಗಳು. ನಾನು ಬೈನಾಕ್ಯುಲರ್ ಎತ್ತಿದವನೇ, "ಬಿಳಿಹುಬ್ಬಿನ ಬಾತು, ಗಾರ್ಗನಿ, ವಲಸೆ ಬಂದದ್ದು" ಎಂದು ಘೋಷಿಸಿದೆ. ಎಲ್ಲರೂ ತಲೆಯಾಡಿಸಿದರು, ಇಬ್ಬರು ಬರೆದುಕೊಂಡರು. ಎಂಟು ವರ್ಷದ ಒಬ್ಬ ಹುಡುಗನಿದ್ದ. ಅವನ ಸರದಿ ಬಂದಾಗ ಬಹಳ ಹೊತ್ತು ನೋಡಿ, "ತಾತ, ಇದರ ಬಾಯಿ ಯಾಕೆ ಸಲಿಕೆ ಥರಾ ಇದೆ?" ಅಂದ. ಮತ್ತೆ ನೋಡಿದೆ. ಕೊಕ್ಕಿನ ತುದಿ ಅಗಲವಾಗಿ, ಮುಖಕ್ಕಿಂತ ಕೊಕ್ಕೇ ಭಾರ ಅನ್ನುವ ಹಾಗಿತ್ತು. ಷೋವೆಲರ್ ಬಾತು! ಇಂಗ್ಲಿಷಿನಲ್ಲಿ ಆ ಹೆಸರಿನ ಅರ್ಥವೇ ಸಲಿಕೆಯವನು ಅಂತ. ಹಕ್ಕಿಯ ಹೆಸರು ಗೊತ್ತಿಲ್ಲದ ಹುಡುಗ ಹೆಸರನ್ನೇ ಹೇಳಿಬಿಟ್ಟಿದ್ದ. ಹೆಸರು ಗೊತ್ತಿದ್ದ ನಾನು ಹಕ್ಕಿಯನ್ನೇ ನೋಡಿರಲಿಲ್ಲ.

ತಪ್ಪಾಗಲು ಒಂದು ಕಾರಣವೂ ಇತ್ತು ಅನ್ನು. ಈ ಕಾಲದ ಬಾತುಗಳು ಯಾರನ್ನಾದರೂ ಏಮಾರಿಸುತ್ತವೆ. ಮರಿ ಮಾಡುವ ಕಾಲ ಮುಗಿದ ಮೇಲೆ ಬಾತುಗಳು ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತವೆ. ಕೆಲವು ವಾರ ಹಾರಲಿಕ್ಕೇ ಆಗುವುದಿಲ್ಲ. ಆ ಹೊತ್ತಿನಲ್ಲಿ ಮೈಮೇಲೆ ಝಗಝಗ ಬಣ್ಣ ಇದ್ದರೆ ಶತ್ರುವಿನ ಕಣ್ಣಿಗೆ ಬೀಳುವುದು ಖಂಡಿತ. ಅದಕ್ಕೇ ಗಂಡು ತನ್ನ ಬಣ್ಣ ಕಳಚಿಟ್ಟು ಹೆಣ್ಣಿನಂತೆ ಕಂದು ವೇಷ ತೊಡುತ್ತದೆ. ನಮ್ಮಲ್ಲಿಗೆ ಬರುವುದು ಅದೇ ವೇಷದಲ್ಲಿ. ಗಾರ್ಗನಿ ಗಂಡಿಗಂತೂ ಆ ಚಂದದ ಬಿಳಿಹುಬ್ಬು ಮೂಡಲು ಸಂಕ್ರಾಂತಿ ದಾಟಬೇಕು. ಪುಸ್ತಕದ ಚಿತ್ರ ಹಿಡಿದುಕೊಂಡು ಅಕ್ಟೋಬರ್ ಬಾತನ್ನು ಹುಡುಕಿದರೆ, ಮದುವೆ ಫೋಟೋ ಹಿಡಿದುಕೊಂಡು ಮದುಮಗನನ್ನು ಗದ್ದೆಯಲ್ಲಿ ಹುಡುಕಿದ ಹಾಗೆ. ಬಣ್ಣ ಬಿಟ್ಟು ಆಕಾರ ನೋಡಬೇಕು. ಷೋವೆಲರ್‌ಗೆ ಕೊಕ್ಕು, ಸೂಜಿಬಾಲದ ಬಾತಿಗೆ ಉದ್ದ ಸಪೂರ ಕತ್ತು. ಇನ್ನು ಕೆಲವನ್ನು "ಬಾತು, ಯಾವುದೋ ತಿಳಿಯಲಿಲ್ಲ" ಎಂದೇ ಬರೆಯಬೇಕು. ಹಾಗೆ ಬರೆಯಲು ಸಂಕೋಚ ಬೇಡ.

ಆ ಹುಡುಗನಿಂದ ಕಲಿತದ್ದು ಇಷ್ಟು: ಗುಂಪಿನ ಮುಂದೆ ನಿಂತವಳು ಹೆಸರನ್ನು ಬೇಗ ಹೇಳಬಾರದು. "ಅದು ನಾಮದ ಕೋಳಿ" ಎಂದು ನೀನಂದ ಕೂಡಲೇ ಇಪ್ಪತ್ತೆರಡು ಜೊತೆ ಕಣ್ಣುಗಳ ಕೆಲಸ ಮುಗಿಯಿತು. ಹೆಸರು ಸಿಕ್ಕಿತಲ್ಲ, ಮುಂದಿನದು ಯಾವುದು ಎಂದು ಹೊರಡುತ್ತಾರೆ. ಹಾಗೆ ಮಾಡದೆ, "ಅಲ್ಲಿ ಕಪ್ಪಗೆ ಒಂದು ತೇಲ್ತಾ ಇದೆ, ಏನೇನು ಕಾಣುತ್ತೆ ಹೇಳಿ" ಎಂದು ಕೇಳು. ಒಬ್ಬರು ಕಾಗೆಯಷ್ಟಿದೆ ಅನ್ನುತ್ತಾರೆ. ಒಬ್ಬರು ಕೋಳಿಯಂತೆ ತಲೆ ಮುಂದೆ ಹಿಂದೆ ಮಾಡುತ್ತಿದೆ ಅನ್ನುತ್ತಾರೆ. ಯಾರೋ ಒಬ್ಬಜ್ಜಿ "ಹಣೆಗೆ ಬೆಳ್ಳಗೆ ನಾಮ ಇಟ್ಕೊಂಡಿದೆಯಲ್ಲೇ" ಅನ್ನುತ್ತಾರೆ. ಆಗ ಹೇಳು ಹೆಸರನ್ನು. ಆ ಅಜ್ಜಿ ಜನ್ಮದಲ್ಲಿ ಮರೆಯುವುದಿಲ್ಲ.

ನಮ್ಮ ಕನ್ನಡದ ಹೆಸರುಗಳು ಹೀಗೆ ನೋಡಿ ನೋಡಿಯೇ ಹುಟ್ಟಿದವು ಕಣೇ. ಮೈಯೆಲ್ಲ ನೀರೊಳಗಿಟ್ಟು ಕತ್ತು ಮಾತ್ರ ಹೊರಗೆ ಹಾಕಿ ಈಜುವುದನ್ನು ಕಂಡವರು ಹಾವಕ್ಕಿ ಅಂದರು. ಗುಳುಕ್ಕನೆ ಮುಳುಗಿ ಎಲ್ಲೋ ಏಳುವ ಪುಟ್ಟದನ್ನು ಗುಳುಮುಳುಕ ಅಂದರು. ಕೊಕ್ಕು ಮುಚ್ಚಿದರೂ ನಡುವೆ ಸಂದಿ ಉಳಿಯುವ ಕೊಕ್ಕರೆ ಬಾಯ್ಕಳಕವಾಯಿತು. ಬಸವನಹುಳು ತಿನ್ನುವುದರಲ್ಲಿ ಪಳಗಿದ ಕೊಕ್ಕು ಅದು. ಇದರಲ್ಲೊಂದು ಸ್ವಾರಸ್ಯವಿದೆ, ನೋಡಿಟ್ಟುಕೊ: ಎಳೆಯ ಬಾಯ್ಕಳಕಕ್ಕೆ ಆ ಸಂದಿ ಇರುವುದಿಲ್ಲ, ಬೆಳೆಯುತ್ತಾ ಮೂಡುತ್ತದೆ. ಗುಂಪಿನಲ್ಲಿ ಯಾರಾದರೂ "ಇದರ ಬಾಯಿ ಮುಚ್ಚಿದೆಯಲ್ಲ, ಇದು ಬೇರೆ ಹಕ್ಕಿಯಾ?" ಎಂದು ಕೇಳಿದರೆ ಆವತ್ತಿನ ನಿನ್ನ ಶ್ರಮ ಸಾರ್ಥಕ. ಪೆಲಿಕನ್ ಕಂಡಾಗ ಹೆಜ್ಜಾರ್ಲೆ ಎಂಬ ಹೆಸರನ್ನೂ ಹೇಳು. ಕೊಕ್ಕರೆ ಬೆಳ್ಳೂರಿನವರ ಬಾಯಲ್ಲಿ ಆ ಹೆಸರು ಕೇಳಬೇಕು, ಮನೆಮಗಳನ್ನು ಕರೆದ ಹಾಗಿರುತ್ತದೆ.

ಇನ್ನು ಇಪ್ಪತ್ತೆರಡು ಜನರ ವಿಷಯ. ಕೆರೆಯ ಹಾದಿಯಲ್ಲಿ ಇಷ್ಟು ಜನ ಸಾಲಾಗಿ ನಡೆದರೆ ರೈಲಿನಷ್ಟು ಉದ್ದವಾಗುತ್ತದೆ. ಎಂಜಿನ್ ಹತ್ತಿರ ಇರುವವರಿಗೆ ಮಿಂಚುಳ್ಳಿ ಕಾಣುತ್ತದೆ, ಕಡೇ ಬೋಗಿಯವರಿಗೆ ಅದು ಹಾರಿಹೋದ ಸುದ್ದಿ ಮಾತ್ರ ತಲುಪುತ್ತದೆ. ಎರಡು ತಂಡ ಮಾಡು. ನಿನ್ನ ಗೆಳತಿಯೊಬ್ಬಳು ಬರುತ್ತಾಳಂತಲ್ಲ, ಒಂದನ್ನು ಅವಳು ನೋಡಿಕೊಳ್ಳಲಿ. ಹದಿನೈದು ನಿಮಿಷ ಅಂತರ ಇರಲಿ. ಕೆರೆಯನ್ನು ಪೂರಾ ಸುತ್ತುವ ಹಟ ಬೇಡವೇ ಬೇಡ. ಸುತ್ತು ಸುಮಾರು ಐದು ಕಿಲೋಮೀಟರ್, ಹಕ್ಕಿ ನೋಡುತ್ತ ನಡೆದರೆ ಮಧ್ಯಾಹ್ನದ ಊಟಕ್ಕೂ ಮನೆ ಸೇರುವುದಿಲ್ಲ. ಐದಾರು ಕಡೆ ನಿಲ್ಲು. ಒಂದೊಂದು ಕಡೆ ಹದಿನೈದಿಪ್ಪತ್ತು ನಿಮಿಷ, ಮುಂದೆ ಮಕ್ಕಳು, ಹಿಂದೆ ಎತ್ತರದವರು. ನಿಂತ ಮೊದಲ ಐದು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಜೊಂಡಿನೊಳಗೆ ಅಡಗಿದ್ದ ನೇರಳೆ ಜಂಬುಕೋಳಿ ತಾನಾಗಿ ಹೊರಗೆ ಕಾಲಿಡುತ್ತದೆ, ಕಲ್ಲೆಂದುಕೊಂಡಿದ್ದು ಕೊಳದ ಬಕವಾಗುತ್ತದೆ.

ಬೆಳಿಗ್ಗೆ ಅಲ್ಲಿ ವಾಕಿಂಗ್‌ನವರ ಸಾಮ್ರಾಜ್ಯ ಎಂಬುದನ್ನು ಮರೆಯಬೇಡ. ಗಡಿಯಾರ ನೋಡಿಕೊಂಡು ಬೀಸುಗಾಲು ಹಾಕುವ ಯಜಮಾನರ ದಾರಿಗೆ ನಿಮ್ಮ ದಂಡು ಅಡ್ಡ ನಿಂತರೆ ಬೈಗುಳ ಕಟ್ಟಿಟ್ಟದ್ದು, ಅದು ನ್ಯಾಯವೂ ಹೌದು. ನೀರಿನ ಕಡೆಯ ಅಂಚಿಗೆ ಸರಿದು ನಿಲ್ಲಿ. ಕುವೆಂಪು ಇದೇ ದಂಡೆಯಲ್ಲಿ ವಿಹಾರ ಮಾಡುತ್ತಿದ್ದವರು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದಾಗ ಊರ ಹೊರಗೆ ನೀರಿಗಾಗಿ ಇದ್ದ ಕೆರೆ, ಈಗ ಊರ ನಡುವೆ ಗಾಳಿಗಾಗಿ ಇದೆ. ಅದರ ಮೇಲೆ ಎಲ್ಲರಿಗೂ ಹಕ್ಕಿದೆ, ನಮಗೊಬ್ಬರಿಗೇ ಅಲ್ಲ.

ಬಿಸಿಲಿನ ದಿಕ್ಕು ನೋಡಿಕೊ. ಸೂರ್ಯ ಬೆನ್ನಿಗಿದ್ದರೆ ಹಕ್ಕಿಯ ಗರಿಗರಿಯೂ ಕಾಣುತ್ತದೆ, ಎದುರಿಗಿದ್ದರೆ ಎಲ್ಲವೂ ಕಪ್ಪು ಗೊಂಬೆಯಾಟ. ಬೆಳಿಗ್ಗೆ ಪೂರ್ವದ ಕಡೆಯ ದಡದಿಂದ ಶುರು ಮಾಡು.

ಹಕ್ಕಿ ಕಂಡಾಗ ಕೈ ಚಾಚಿ "ಅಗೋ ಅಗೋ" ಅನ್ನುವುದು ನಮ್ಮೆಲ್ಲರ ಚಟ. ಎತ್ತಿದ ಕೈಗೆ ಹಕ್ಕಿ ಬೆದರುತ್ತದೆ, ಜನ ಬೆರಳನ್ನೇ ನೋಡುತ್ತಾರೆ. ನಡುಗಡ್ಡೆಯ ಮರವನ್ನು ಗಡಿಯಾರ ಅಂದುಕೊಳ್ಳಿ ಎಂದು ಮೊದಲೇ ಹೇಳಿಬಿಡು. ಆಮೇಲೆ "ಎರಡು ಗಂಟೆಯ ಕೊಂಬೆಯಲ್ಲಿ ಇರುಳು ಬಕ" ಅಂದರೆ ಸಾಕು. ಬೈನಾಕ್ಯುಲರ್ ಹಿಡಿಯುವುದನ್ನೂ ಗೇಟಿನ ಹತ್ತಿರವೇ ಕಲಿಸು, ದಂಡೆಗೆ ಹೋದ ಮೇಲಲ್ಲ. ಮೊದಲು ಬರಿಗಣ್ಣಲ್ಲಿ ಹಕ್ಕಿಯನ್ನು ಹಿಡಿಯಬೇಕು, ಕಣ್ಣು ಕೀಳದೆ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು. ಕನ್ನಡಕದವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಕೊಳವೆಯಲ್ಲಿ ಇಣುಕಿದ ಹಾಗಾಗುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವುದಕ್ಕಿಂತ ಎಂಟು ಪಟ್ಟಿನದೇ ಹೊಸಬರಿಗೆ ಒಳ್ಳೆಯದು, ಕೈನಡುಗಿದರೂ ನೋಟ ಅಷ್ಟು ಅಲುಗುವುದಿಲ್ಲ. ನಾಲ್ಕೇ ಇದ್ದರೂ ಚಿಂತೆಯಿಲ್ಲ. ಸರದಿಗೆ ಕಾಯುವವರೇ ಬರಿಗಣ್ಣಿನಲ್ಲಿ ಹೆಚ್ಚು ನೋಡುವುದು, ಇದು ನಾನು ಕಂಡ ಸತ್ಯ.

ಕ್ಯಾಮೆರಾದವರು ಇಬ್ಬರಾದರೂ ಇರುತ್ತಾರೆ. ಒಳ್ಳೆಯವರೇ. ಆದರೆ ಉದ್ದ ಲೆನ್ಸಿಗೆ ಒಂದು ಶಾಪವಿದೆ, ಇನ್ನೂ ಎರಡು ಹೆಜ್ಜೆ ಮುಂದೆ ಎಂದು ಎಳೆಯುತ್ತಲೇ ಇರುತ್ತದೆ. ಬಾತುಗಳು ಹಗಲೆಲ್ಲ ನೀರಿನ ನಡುವೆ ಸುಮ್ಮನೆ ತೇಲುವುದನ್ನು ಕಂಡು ಸೋಮಾರಿ ಅಂದುಕೊಳ್ಳುತ್ತಾರೆ. ಅವುಗಳಲ್ಲಿ ಬಹಳಷ್ಟು ರಾತ್ರಿ ಹಾರಿಹೋಗಿ ಗದ್ದೆ ಜೌಗುಗಳಲ್ಲಿ ಮೇಯ್ದು ಬಂದಿರುತ್ತವೆ. ಹಗಲು ಅವಕ್ಕೆ ನಿದ್ದೆಯ ಹೊತ್ತು. ದೂರದಿಂದ ಬಂದು ಮೈಯ ಕೊಬ್ಬು ಕರಗಿಸಿಕೊಂಡಿರುವ ಹಕ್ಕಿಯನ್ನು ಒಂದು ಫೋಟೋಕ್ಕಾಗಿ ಎಬ್ಬಿಸಿ ಹಾರಿಸುವುದು, ರಾತ್ರಿ ಬಸ್ಸಿನಲ್ಲಿ ಬಂದು ಮಲಗಿದ ನೆಂಟರ ಹೊದಿಕೆ ಎಳೆದಂತೆ. ಹಕ್ಕಿ ತಲೆಯೆತ್ತಿ ನಿಮ್ಮ ಕಡೆ ನೋಡಿತೋ, ಅಲ್ಲಿಗೇ ನಿಲ್ಲಬೇಕು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದಂತೂ ನಿನ್ನ ತಂಡದಲ್ಲಿ ನಡೆಯಕೂಡದು. ಇದನ್ನು ಮಾತ್ರ ನಯವಾಗಿ ಹೇಳಬೇಡ, ಗಟ್ಟಿಯಾಗಿಯೇ ಹೇಳು.

ಅದೇ ಮೊಬೈಲು ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತದಲ್ಲ, ಮರ್ಲಿನ್, ಅದು ಒಳ್ಳೆಯ ಸಹಾಯಕ, ಸಾಕ್ಷಿಯಲ್ಲ. ಅದು ಹೇಳಿದ ಹಕ್ಕಿಯನ್ನು ನೀವೂ ಕೇಳಿ ಅಥವಾ ಕಂಡು ಒಪ್ಪಿದರೆ ಮಾತ್ರ ಪಟ್ಟಿಗೆ ಸೇರಿಸು.

ಪಟ್ಟಿಯ ವಿಚಾರಕ್ಕೆ ನಾನು ಸ್ವಲ್ಪ ಕಟ್ಟುನಿಟ್ಟು, ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತು ಬಂದವನಲ್ಲವೇ. ಹಕ್ಕಿಪಟ್ಟಿ ಸೇರಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕುವಾಗ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತು, ಎಷ್ಟು ದೂರ, ಎಷ್ಟು ಜನ, ಇಷ್ಟೂ ಇರಬೇಕು. ಕಾಗೆ, ಮೈನಾ, ಪಾರಿವಾಳವನ್ನು ಕೀಳಾಗಿ ಕಂಡು ಬಿಟ್ಟರೆ ಪಟ್ಟಿ ಸುಳ್ಳಾಗುತ್ತದೆ. ಇವತ್ತು ಎಲ್ಲೆಲ್ಲೂ ಇರುವುದು ಮೂವತ್ತು ವರ್ಷಕ್ಕೆ ಎಲ್ಲಿ ಹೋಯಿತು ಎಂದು ತಿಳಿಯುವುದು ಇಂಥ ಪಟ್ಟಿಯಿಂದಲೇ. ಎಣಿಕೆಗೆ ನಮ್ಮ ಕೌಂಟರಿನ ಉಪಾಯ ಹೇಳುತ್ತೇನೆ. ನೂರಾರು ಬೆಳ್ಳಕ್ಕಿ ಕೂತಿದ್ದರೆ ಒಂದೊಂದನ್ನೇ ಎಣಿಸಬೇಡ. ಹತ್ತನ್ನು ಸರಿಯಾಗಿ ಎಣಿಸಿ ಒಂದು ಕಂತೆ ಮಾಡಿಕೊ, ಆ ಕಂತೆಯ ಗಾತ್ರ ಕಣ್ಣಲ್ಲಿ ಹಿಡಿದು ಅಂಥವು ಎಷ್ಟಿವೆ ನೋಡು. ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಜಾತಿ ಹಂಚು. ಒಬ್ಬಳು ನೀರುಕಾಗೆ, ಒಬ್ಬ ನಾಮದ ಕೋಳಿ. ಆ ದಿನವೆಲ್ಲ ಅವರದು ಅದೇ ಧ್ಯಾನ.

ಬರೆದಿಡುವುದರಿಂದ ಏನಾಗುತ್ತೆ ಎಂದು ಯಾರಾದರೂ ಮೂಗು ಮುರಿದರೆ ರಂಗನತಿಟ್ಟಿನ ಕತೆ ಹೇಳು. 1939-40ರ ಹೊತ್ತಿನಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿದ್ದನ್ನು ಕಂಡು, ಇದನ್ನು ಕಾಪಾಡಿ ಎಂದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ನಮ್ಮ ರಾಜ್ಯದ ಮೊದಲ ರಾಮ್ಸರ್ ತಾಣವೂ ಅದೇ ಆಯಿತು. ನಿಮ್ಮ ಗುಂಪಿನಲ್ಲಿ ನಾಲ್ಕು ಜನಕ್ಕೆ ರುಚಿ ಹತ್ತಿದರೆ ಜನವರಿಯಲ್ಲಿ ನಡೆಯುವ ನೀರುಹಕ್ಕಿ ಗಣತಿಗೆ ಕರೆದುಕೊಂಡು ಹೋಗು. ಏಷ್ಯಾದ ಉದ್ದಕ್ಕೂ 1987ರಿಂದ ನಡೆದುಬಂದಿದೆ ಅದು.

ಸಣ್ಣಪುಟ್ಟವು ಇನ್ನೂ ಇವೆ. ಹೆಂಗಸರು, ವಯಸ್ಸಾದವರು ಬರುತ್ತಾರೆ, ಶೌಚಾಲಯ ಎಲ್ಲಿದೆ, ತೆರೆದಿದೆಯೇ ಎಂದು ಶನಿವಾರವೇ ಹೋಗಿ ನೋಡಿ ಬಾ. ನಾಚಿಕೊಂಡು ಯಾರೂ ಕೇಳುವುದಿಲ್ಲ, ಕಷ್ಟಪಡುತ್ತಾರೆ. ಕೂರುವ ಬೆಂಚುಗಳು ಎಲ್ಲೆಲ್ಲಿವೆ ಎಂಬುದೂ ಗೊತ್ತಿರಲಿ. ಬಿಳಿ ಬಟ್ಟೆ ಬೇಡ ಅನ್ನು, ಘಮಘಮ ಸೆಂಟಿನ ಬಗ್ಗೆ ಏನೂ ಅನ್ನಬೇಡ. ಅದರಿಂದ ಹಕ್ಕಿಗಿಂತ ನಿನಗೇ ತೊಂದರೆ, ಸಹಿಸಿಕೊ. ಮೀನಿಗೆ, ಬಾತಿಗೆ ಅಂತ ಬ್ರೆಡ್ಡು ಮಂಡಕ್ಕಿ ಎಸೆಯುವವರಿದ್ದರೆ ತಡೆ. ಚಿತ್ತೆ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬರುತ್ತದೆ. ಬೆಳಿಗ್ಗೆಯೇ ಮೋಡ ಕಟ್ಟಿ ಮಿಂಚಿದರೆ ಮರದಡಿ ನಿಲ್ಲಿಸಬೇಡ, ಎಲ್ಲರನ್ನೂ ಕಟ್ಟಡದೊಳಗೆ ಕರೆದುಕೊಂಡು ಹೋಗು. ಹಕ್ಕಿ ಮುಂದಿನ ವಾರವೂ ಇರುತ್ತದೆ.

ಎಲ್ಲ ಗುಂಪಿನಲ್ಲೂ ಒಬ್ಬ ಸರ್ವಜ್ಞ ಇರುತ್ತಾನೆ. ನೀನು ಬಾಯಿ ತೆರೆಯುವ ಮೊದಲೇ ಹೆಸರು, ಇಂಗ್ಲಿಷ್ ಹೆಸರು, ಲ್ಯಾಟಿನ್ ಹೆಸರು ಎಲ್ಲ ಹೇಳಿ ಮುಗಿಸುತ್ತಾನೆ. ಅವನ ಜೊತೆ ಜಗಳಕ್ಕೆ ಬೀಳಬೇಡ. ಅವನ ಕೈಗೆ ಪಟ್ಟಿಯ ಪುಸ್ತಕ ಕೊಟ್ಟು, "ನೀವೇ ಬರೆದುಕೊಳ್ಳಿ ಸಾರ್, ನಿಮ್ಮಷ್ಟು ಯಾರಿಗೆ ಗೊತ್ತು" ಅಂದುಬಿಡು. ಬರೆಯುವವನಿಗೆ ಮಾತಾಡಲು ಬಿಡುವಿರುವುದಿಲ್ಲ. ಈ ಉಪಾಯವನ್ನು ನನ್ನ ಮೇಲೇ ಯಾರೋ ಪ್ರಯೋಗಿಸಿದ್ದರು, ಅರ್ಥವಾಗಲು ನನಗೆ ಎರಡು ವರ್ಷ ಹಿಡಿಯಿತು.

ನನ್ನ ಹಳೇ ಬೈನಾಕ್ಯುಲರ್ ಒರೆಸಿ ಇಟ್ಟಿದ್ದೇನೆ, ಶನಿವಾರ ಸಂಜೆ ಬಂದು ತೆಗೆದುಕೊಂಡು ಹೋಗು. ಎಡಗಡೆಯ ಪಟ್ಟಿ ಸಡಿಲವಾಗಿದೆ, ಕುತ್ತಿಗೆಗೆ ಹಾಕುವ ಮುನ್ನ ಗಂಟು ನೋಡು. ನಿನ್ನ ದೊಡ್ಡಮ್ಮ ಇಪ್ಪತ್ತೆರಡು ಜನಕ್ಕೂ ಗೊಜ್ಜವಲಕ್ಕಿ ಮಾಡಿಕೊಡುತ್ತಾಳಂತೆ. ಮುತ್ತುಗದ ಎಲೆಯಲ್ಲಿ ಹಾಕಿಕೊಡು, ಪ್ಲಾಸ್ಟಿಕ್ ತಟ್ಟೆ ತಂದರೆ ಅವಳೇ ಬೈಯುತ್ತಾಳೆ. ನಾನೂ ಬರುತ್ತೇನೆ. ಸಾಲಿನ ಕಡೆಯಲ್ಲಿ ಅಜ್ಜಿಯರ ಜೊತೆ ನಿಧಾನ ನಡೆಯುತ್ತೇನೆ. ಯಾರಾದರೂ ಹಕ್ಕಿ ತೋರಿಸಿ "ಇದ್ಯಾವುದು ಯಜಮಾನರೇ?" ಎಂದು ಕೇಳಿದರೆ, "ನೀವೇ ಹೇಳಿ, ಕಾಲು ಯಾವ ಬಣ್ಣ ಇದೆ?" ಅಂತ ಕೇಳುತ್ತೇನೆ.

ನಿನ್ನ
ದೊಡ್ಡಪ್ಪ